ಸಣ್ಣ ಪೆಟ್ರೋಲ್ ಕಾರಿಗೆ ವಾರಕ್ಕೆ ಹತ್ತು ನಿಮಿಷ

ಒಂದರಿಂದ 1.2 ಲೀಟರ್ ಸಾಮರ್ಥ್ಯದ ಪೆಟ್ರೋಲ್ ಎಂಜಿನ್ ಹಿಡಿಯುವ ಆಯಿಲ್ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್. ಅದರಲ್ಲಿ ಒಂದು ಲೀಟರ್ ಇಳಿದರೆ ಹತ್ತಿರಹತ್ತಿರ ಮೂರನೇ ಒಂದು ಪಾಲೇ ಹೋದಂತಾಯಿತು. ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಲೆಕ್ಕವೂ ಹಾಗೆಯೇ. ಸಣ್ಣ ಎಂಜಿನ್‌ನಲ್ಲಿ ಮೀಸಲು ಕಡಿಮೆ. ಆದ್ದರಿಂದ ಮುಂದಿನ ಸರ್ವಿಸ್‌ವರೆಗೆ ಬಾನೆಟ್ ಎತ್ತದೆ ಓಡಿಸುವ ಅಭ್ಯಾಸ ಇಂಥ ಕಾರಿಗೆ ಒಗ್ಗುವುದಿಲ್ಲ.

ಆಯಿಲ್ ನೋಡುವ ಕ್ರಮ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಮೇಲಿನ ಭಾಗಗಳಲ್ಲಿರುವ ಆಯಿಲ್ ಅಡಿಯ ತಟ್ಟೆಗೆ ಇಳಿಯಲು ಅಷ್ಟು ಹೊತ್ತು ಬೇಕು. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಕಾಣುವ ಗುರುತನ್ನು ನಂಬಬೇಡಿ. ಕಾರು ಓಡುವಾಗ ಚಿಮ್ಮಿದ ಆಯಿಲ್ ಕಡ್ಡಿಗೆ ಮೇಲಿನವರೆಗೂ ಅಂಟಿಕೊಂಡಿರುತ್ತದೆ. ಮಟ್ಟ ಕೆಳಗೆರೆ ಮತ್ತು ಮೇಲ್ಗೆರೆಗಳ ನಡುವೆ, ಮೇಲ್ಗೆರೆಗೆ ಹತ್ತಿರವಿದ್ದರೆ ಸರಿ.

ಕಡಿಮೆಯಿದ್ದರೆ ಕಾಲು ಲೀಟರ್ ಸುರಿದು, ಐದು ನಿಮಿಷ ಕಾದು, ಮತ್ತೆ ಅಳೆಯಿರಿ. ಒಮ್ಮೆಲೇ ಒಂದು ಲೀಟರ್ ಸುರಿಯುವುದು ದೊಡ್ಡ ತಪ್ಪು. ಮೇಲ್ಗೆರೆ ದಾಟಿದ ಆಯಿಲ್‌ಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಬಡಿದು ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಬೇರಿಂಗ್‌ಗೆ ಬೇಕಾದ ಆಯಿಲ್ ಪದರ ನಿಲ್ಲುವುದಿಲ್ಲ. ಆಯಿಲ್ ಎಷ್ಟು ದಪ್ಪ ಎಂದು ಹೇಳುವ ದರ್ಜೆಗಳಲ್ಲಿ 0ಡಬ್ಲ್ಯೂ-20 ಹಾಕಬೇಕೋ 5ಡಬ್ಲ್ಯೂ-30 ಹಾಕಬೇಕೋ ಎಂಬುದಕ್ಕೆ ಕಾರಿನ ಕೈಪಿಡಿಯ ಮಾತೇ ಅಂತಿಮ. ದಪ್ಪ ಆಯಿಲ್ ಒಳ್ಳೆಯದೆಂಬ ಸಲಹೆ ಹಳೇ ಎಂಜಿನ್‌ಗಳ ಕಾಲದ್ದು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪದ ಬಗ್ಗೆ ಒಂದು ಮಾತು. ಹೆಚ್ಚಿನ ಕಾರುಗಳಲ್ಲಿ ಅದು ಮಟ್ಟ ಇಳಿದಾಗ ಹತ್ತುವ ದೀಪವಲ್ಲ, ಒತ್ತಡ ಕುಸಿದಾಗ ಹತ್ತುವುದು. ಅಷ್ಟರಲ್ಲಿ ಬೇರಿಂಗ್‌ಗಳು ಒಣಗಲು ಶುರುವಾಗಿರುತ್ತವೆ. ಆ ದೀಪ ಕಂಡ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ‘ಇನ್ನೆರಡು ಕಿಲೋಮೀಟರ್ ತಾನೆ’ ಎಂದು ಮುಂದುವರಿಸಬಾರದು.

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ ಕಂಡರೆ ಗಾಬರಿ ಬೇಡ, ಆದರೆ ಪತ್ತೆ ಮಾಡಿ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಸೇರಿ ಹೀಗಾಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಅದು ಮಾಯವಾಗಬೇಕು. ಹೋಗದಿದ್ದರೆ, ಜೊತೆಗೆ ಕೂಲಂಟ್ ಕೂಡ ಇಳಿಯುತ್ತಿದ್ದರೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಅಡಿಯಲ್ಲಿರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ.

ಕೂಲಂಟ್

ಎಂಜಿನ್ ತಣ್ಣಗಿದ್ದಾಗ ಮಾತ್ರ ಇದನ್ನು ನೋಡಬೇಕು. ಬಿಸಿಯಾಗಿದ್ದಾಗ ಒಳಗೆ ಒತ್ತಡವಿರುತ್ತದೆ. ಮುಚ್ಚಳ ತಿರುಗಿಸಿದರೆ ಕುದಿಯುವ ದ್ರವ ಮುಖಕ್ಕೇ ಹಾರುತ್ತದೆ. ಅರೆಪಾರದರ್ಶಕ ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟವಿದ್ದರೆ ಸಾಕು. ತುಂಬಿಸುವುದಾದರೆ ಕಾರಿಗೆ ಹೇಳಿದ ಬಗೆಯ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ಹಾಕಿ. ಮೊದಲೇ ಬೆರೆಸಿ ಮಾರುವ ಡಬ್ಬಕ್ಕೆ ಮತ್ತೆ ನೀರು ಸೇರಿಸಬೇಡಿ. ಬರೀ ನಲ್ಲಿ ನೀರು ಹಾಕುತ್ತಾ ಹೋದರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ಲೋಹ ತುಕ್ಕು ಹಿಡಿಯುತ್ತದೆ.

ಕೂಲಂಟ್ ಪದೇಪದೇ ಇಳಿಯುತ್ತಿದ್ದರೆ ಸೋರಿಕೆ ಇದೆಯೆಂದೇ ಅರ್ಥ. ಹೋಸ್ ಕ್ಲಿಪ್, ವಾಟರ್ ಪಂಪ್, ರೇಡಿಯೇಟರ್, ಹೀಗೆ ಒಂದೊಂದಾಗಿ ನೋಡಿಸಿ. ಅನೇಕ ಸಣ್ಣ ಕಾರುಗಳಲ್ಲಿ ತಾಪ ತೋರಿಸುವ ಮುಳ್ಳೇ ಇರುವುದಿಲ್ಲ, ನೀಲಿ ಮತ್ತು ಕೆಂಪು ದೀಪಗಳಷ್ಟೇ. ಕೆಂಪು ಹತ್ತಿದರೆ ಎಸಿ ಆರಿಸಿ, ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಟೈರು

ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾದ ಒತ್ತಡದ ಅಂಕಿ ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ಸಣ್ಣ ಹ್ಯಾಚ್‌ಬ್ಯಾಕ್‌ಗಳಿಗೆ ಹೆಚ್ಚಾಗಿ 30ರಿಂದ 33 ಪಿಎಸ್‌ಐ ಇರುತ್ತದೆ. ಅಳೆಯಬೇಕಾದ್ದು ಟೈರು ತಣ್ಣಗಿರುವಾಗ, ಅಂದರೆ ಕಾರು ಮೂರು ಗಂಟೆ ನಿಂತ ಮೇಲೆ. ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆ ಬೀಳುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ.

ಟೈರು ಸವೆದ ರೀತಿ ನೋಡಿದರೆ ಕಾರಣ ತಿಳಿಯುತ್ತದೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚಾದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ) ತಪ್ಪಿದೆ. ಟೈರಿನ ಮೇಲಿನ ಗೀರುಗಳ (ಟ್ರೆಡ್) ಆಳ 1.6 ಮಿ.ಮೀ.ಗೆ ಇಳಿಯುವ ಮೊದಲೇ ಬದಲಿಸಿ.

ಬ್ರೇಕ್ ಆಯಿಲ್, ಬ್ಯಾಟರಿ, ಪ್ಲಗ್

ಬ್ರೇಕ್ ಆಯಿಲ್ ನಿಧಾನವಾಗಿ ಇಳಿಯುತ್ತಿದ್ದರೆ ಪ್ಯಾಡ್ ಸವೆಯುತ್ತಿರಬಹುದು. ಪ್ಯಾಡ್ ನೋಡದೆ ಆಯಿಲ್ ಮಾತ್ರ ತುಂಬಿಸಬೇಡಿ. ಒಮ್ಮೆಲೇ ಇಳಿದರೆ ಅದು ಸೋರಿಕೆ, ಕಾರು ಓಡಿಸಲೇಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ. ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ.

ಸ್ಪಾರ್ಕ್ ಪ್ಲಗ್ ಬಿಚ್ಚುವುದಾದರೆ ಎಂಜಿನ್ ತಣ್ಣಗಿರಲಿ. ಮೊದಲು ಸುತ್ತಲಿನ ದೂಳನ್ನು ಊದಿ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿಗೇ ಬೀಳುತ್ತದೆ. ಹೊಸ ಪ್ಲಗ್ಗನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ. ಬಿಗಿ ಅನ್ನಿಸಿದರೆ ವಾಪಸ್ ತೆಗೆದು ನೇರ ಮಾಡಿ. ಹೆಡ್ಡಿನಲ್ಲಿ ಪ್ಲಗ್ ಕೂರುವ ತಿರುಪಿನ ಗೆರೆಗಳು (ಥ್ರೆಡ್) ಕೆಟ್ಟರೆ ರಿಪೇರಿ ದೊಡ್ಡದಾಗುತ್ತದೆ. ಓಡುವಾಗ ಚೆಕ್ ಎಂಜಿನ್ ದೀಪ ಮಿನುಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಹಾಗಾಗಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಕರೆ ಮಾಡುವುದೇ ಸರಿ.

ಓಡಿಸುವಾಗ

ಕ್ಲಚ್ ಪ್ಲೇಟ್ ಹೆಚ್ಚಾಗಿ ಸುಡುವುದು ಏರಿನ ಟ್ರಾಫಿಕ್‌ನಲ್ಲಿ. ಅರ್ಧ ಕ್ಲಚ್ ಹಿಡಿದು ಕಾರನ್ನು ಹಿಂದೆ ಜಾರದಂತೆ ನಿಲ್ಲಿಸುವ ಚಟವೇ ಅದಕ್ಕೆ ಕಾರಣ. ಹೀಗೆ ಮಾಡಿ: ಹ್ಯಾಂಡ್‌ಬ್ರೇಕ್ ಎಳೆದು ಒಂದನೇ ಗೇರ್ ಹಾಕಿ. ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಕ್ಲಚ್ ನಿಧಾನ ಬಿಡಿ. ಎಂಜಿನ್ ಸದ್ದು ತಗ್ಗಿ ಕಾರಿನ ಮೂತಿ ತುಸು ಎದ್ದಂತಾದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಖಾಲಿ ಏರಿನಲ್ಲಿ ಹತ್ತು ಸಲ ಮಾಡಿದರೆ ಕೈಕಾಲಿಗೆ ಒಗ್ಗುತ್ತದೆ.

ಕ್ಲಚ್ ಸವೆದಿದೆಯೇ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹಾರಿದರೆ ಪ್ಲೇಟ್ ಜಾರುತ್ತಿದೆ.

ಮೈಲೇಜ್ ಆಸೆಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಇಂಜೆಕ್ಷನ್ ಎಂಜಿನ್‌ಗೆ ಇದು ತಲೆಕೆಳಗಾದ ಲೆಕ್ಕ. ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟರೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಪೆಟ್ರೋಲ್ ಹರಿವನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದನೆಯ ಇಳಿಜಾರಿಗೆ ಎರಡನೇ ಅಥವಾ ಮೂರನೇ ಗೇರ್ ಹಾಕಿಕೊಂಡೇ ಇಳಿಯಿರಿ.