ಶನಿವಾರ ಮಧ್ಯಾಹ್ನ ಎರಡರಿಂದ ಐದು: ಡ್ರಾಯಿಂಗ್ ಮೇಷ್ಟ್ರುಗಳ ತಿಂಗಳ ಕೂಟ

ಹೈಸ್ಕೂಲಿನಲ್ಲಿ ಭಾಷೆಗೆ ಮೂವರು, ಗಣಿತ-ವಿಜ್ಞಾನಕ್ಕೆ ಇಬ್ಬರು ಮೂವರು ಇರುತ್ತಾರೆ. ಚಿತ್ರಕಲೆಗೆ ಇದ್ದರೆ ಒಬ್ಬರೇ. ಹಚ್ಚಿದ ಬಣ್ಣ ಯಾಕೆ ಉದುರಿತು ಎಂದು ಕೇಳೋಣವೆಂದರೆ ಸ್ಟಾಫ್ ರೂಮಿನಲ್ಲಿ ಉತ್ತರ ಗೊತ್ತಿರುವವರು ಯಾರೂ ಇಲ್ಲ. ಹಾಗಾಗಿ ತಾಲ್ಲೂಕಿನ ಹದಿನಾರು ಮಂದಿ ಚಿತ್ರಕಲಾ ಶಿಕ್ಷಕರು ತಿಂಗಳಿಗೊಮ್ಮೆ ಸೇರುತ್ತೇವೆ.

ದಿನ ಶನಿವಾರವೇ ಆಗಬೇಕು. ಬೆಳಗಿನ ಶಾಲೆ ಬಿಟ್ಟು ಊಟ ಮುಗಿಸಿ ಎರಡಕ್ಕೆ ಬಂದರೆ ಐದಕ್ಕೆ ಬಸ್ ಹಿಡಿಯಬಹುದು. ಶಾಲೆಯ ವೇಳೆಯಲ್ಲಿ ಇಟ್ಟರೆ ಓಓಡಿ (ಅನ್ಯಕಾರ್ಯ ನಿಮಿತ್ತ ಹೋಗಲು ಅನುಮತಿ) ಬೇಕು, ಅರ್ಧ ಜನರಿಗೆ ಸಿಗುವುದಿಲ್ಲ. ಭಾನುವಾರವೆಂದರೆ ಮೂರನೇ ಸಲಕ್ಕೆ ಕುರ್ಚಿ ಖಾಲಿ. ಜಾಗಕ್ಕೆ ನಲ್ಲಿ ಮತ್ತು ಅಗಲವಾದ ಜಗುಲಿ ಇದ್ದರೆ ಸಾಕು. ವೇದಿಕೆ ಇರುವ ಸಭಾಂಗಣ ಬೇಡವೇ ಬೇಡ: ವೇದಿಕೆ ಇದ್ದಲ್ಲಿ ಮೇಜು ಬರುತ್ತದೆ, ಮೇಜಿನ ಹಿಂದೆ ಅತಿಥಿ, ಅತಿಥಿಗೊಂದು ಶಾಲು. ಅಷ್ಟಾಗುವಾಗ ಗಂಟೆ ನಾಲ್ಕು.

ಎರಡರಿಂದ ಮೂರೂಮುಕ್ಕಾಲು ಕೈಕೆಲಸ. ಆಮೇಲೆ ಚಹಾ. ನಾಲ್ಕರಿಂದ ಮಕ್ಕಳ ಚಿತ್ರ ನೋಡುವುದು. ಕೈಕೆಲಸಕ್ಕೆ ಒಂದೇ ಷರತ್ತು: ಸೋಮವಾರ 40 ನಿಮಿಷದ ಪೀರಿಯಡ್ಡಿನಲ್ಲಿ 50 ಮಕ್ಕಳ ಕೈಯಲ್ಲಿ ಮಾಡಿಸಲು ಬರಬೇಕು. ತೋರಿಸುವವರು ಮನೆಯಲ್ಲಿ ಎರಡು ಸಲ ಮಾಡಿ ನೋಡಿಯೇ ಬರಬೇಕು.

ಹೆಚ್ಚು ಉಪಯೋಗಕ್ಕೆ ಬಂದದ್ದು ಮಣ್ಣಿನ ಬಣ್ಣ. ನಮ್ಮದು ಅರೆಮಲೆನಾಡು, ಪಶ್ಚಿಮದ ಊರುಗಳಲ್ಲಿ ಕೆಮ್ಮಣ್ಣು, ಪೂರ್ವಕ್ಕೆ ಹೋದರೆ ಎರೆ. ಪ್ರತಿಯೊಬ್ಬರೂ ತಮ್ಮ ಶಾಲೆಯ ಊರಿನ ಮಣ್ಣನ್ನು ಒಂದು ಕಿಲೋ ತರುತ್ತಾರೆ. ಹೊಲದ ಮೇಲ್ಮಣ್ಣು ಬೇಡ, ಅದರಲ್ಲಿ ಬೇರು, ಗೊಬ್ಬರ ಇದ್ದು ಬಣ್ಣ ವಾರದಲ್ಲಿ ನಾರುತ್ತದೆ. ರಸ್ತೆಗಾಗಿ ಕಡಿದ ದರೆಯಲ್ಲಿ ಒಂದಡಿ ಒಳಗಿನದನ್ನು ಕೆದರಿ ತೆಗೆಯಬೇಕು.

ತೊಳೆಯುವ ಕೆಲಸ ಗುರುವಾರವೇ ಶುರು. ಅರ್ಧ ಬಕೆಟ್ ನೀರಿಗೆ ಒಂದು ಕಿಲೋ ಮಣ್ಣು ಹಾಕಿ ಹೆಂಟೆ ಒಡೆದು ಕಲಕಿ, ಮೂವತ್ತು ಎಣಿಸುವವರೆಗೆ ಬಿಡಬೇಕು. ಮರಳು ತಳಕ್ಕೆ ಇಳಿಯುತ್ತದೆ, ಬಣ್ಣದ ಕಣ ಮೇಲೆಯೇ ತೇಲಿಕೊಂಡಿರುತ್ತದೆ. ಆ ಕದಡಿದ ನೀರನ್ನು ಹಳೆ ಪಂಚೆಯಲ್ಲಿ ಸೋಸಿ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಉಳಿದ ಮರಳಿಗೆ ಮತ್ತೆ ನೀರು ಹಾಕಿ ಎರಡು ಸಲ ಹೀಗೆಯೇ ಮಾಡಬೇಕು. ರಾತ್ರಿ ಕಳೆದ ಮೇಲೆ ಮೇಲಿನ ತಿಳಿನೀರು ಚೆಲ್ಲಿ, ರಾಡಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಇಡುವುದು. ನಮ್ಮ ಕೆಮ್ಮಣ್ಣಿನಲ್ಲಿ ಕಿಲೋಗೆ ಸುಮಾರು ಕಾಲು ಕಿಲೋ ನುಣ್ಣನೆಯ ಪುಡಿ ಸಿಗುತ್ತದೆ. ಒಂದು ತರಗತಿಗೆ ಪ್ರತಿ ಬಣ್ಣದ್ದು 100 ಗ್ರಾಂ ಸಾಕು.

ಅಂಟಿಗೆ ಅಂಟಿನುಂಡೆಗೆ ಹಾಕುವ ಜಾಲಿ ಅಂಟನ್ನೇ ತರುತ್ತೇವೆ. 100 ಗ್ರಾಂ ಜಜ್ಜಿ 200 ಮಿಲಿ ಬೆಚ್ಚನೆಯ ನೀರಿನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿದರೆ ಜೇನಿನಷ್ಟು ಗಟ್ಟಿಯ ದ್ರಾವಣ. ಅಂಗಡಿಯಲ್ಲಿ ಬರೀ ‘ಗೋಂದು’ ಎಂದು ಕೇಳಿದರೆ ಕತೀರಾ ಗೋಂದು ಕೊಟ್ಟುಬಿಡುತ್ತಾರೆ. ಅದು ಕರಗುವುದಿಲ್ಲ, ಲೋಳೆಯಂತೆ ಉಬ್ಬಿ ಕೂರುತ್ತದೆ. ಬಾಟಲಿಗೆ ಎರಡು ಮೂರು ಲವಂಗ ಹಾಕಿಟ್ಟರೆ ಬೂಸ್ಟು ಬೇಗ ಬರುವುದಿಲ್ಲ.

ಕಲಸುವುದು ನುಣುಪು ಟೈಲ್ಸ್ ಮೇಲೆ. ನಾಲ್ಕು ಚಮಚ ಪುಡಿ, ಒಂದೂವರೆ ಚಮಚ ಅಂಟು, ನೀರು ಹನಿಹನಿಯಾಗಿ. ಚಪ್ಪಟೆ ತಳದ ಸ್ಟೀಲ್ ಲೋಟವನ್ನು ಒತ್ತಿ ದುಂಡಗೆ ತಿರುವುತ್ತಾ ಅರೆಯಬೇಕು. ಮೊದಲು ಕರಕರ ಎನ್ನುತ್ತದೆ. ಐದಾರು ನಿಮಿಷಕ್ಕೆ ಸದ್ದು ನಿಂತು ಲೋಟ ಟೈಲ್ಸಿಗೆ ಕಚ್ಚಿಕೊಳ್ಳಲು ಶುರುವಾದರೆ ಬಣ್ಣ ಆಯಿತು. ರದ್ದಿ ಹಾಳೆಗೆ ಹಚ್ಚಿ ಒಣಗಿಸಿ ಹೆಬ್ಬೆರಳಲ್ಲಿ ಉಜ್ಜಿ ನೋಡುವುದು: ಪುಡಿ ಕೈಗೆ ಬಂದರೆ ಅಂಟು ಸಾಲದು, ಅರ್ಧ ಚಮಚ ಸೇರಿಸಿ. ಮಿರಿಮಿರಿ ಮಿಂಚಿ, ಹಾಳೆ ಬಗ್ಗಿಸಿದಾಗ ಚಕ್ಕೆ ಏಳುತ್ತಿದ್ದರೆ ಅಂಟು ಹೆಚ್ಚಾಗಿದೆ, ಪುಡಿ ಸೇರಿಸಿ. ಈ ಉಜ್ಜಿ ನೋಡುವ ಪರೀಕ್ಷೆ ಬಿಟ್ಟವರ ತರಗತಿಯಲ್ಲೇ ಬಣ್ಣ ಉದುರುವುದು.

ಎರೆಮಣ್ಣು ಮಾತ್ರ ಹಟಮಾರಿ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವಂತೆ ಹಾಳೆಯ ಮೇಲೂ ಬಿರಿಯುತ್ತದೆ. ಸಮಪಾಲು ಕೆಮ್ಮಣ್ಣಿನ ಪುಡಿ ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚಿದರೆ ನಿಲ್ಲುತ್ತದೆ, ಒಳ್ಳೆಯ ಕಂದು ಬಣ್ಣವೂ ಸಿಗುತ್ತದೆ. ಕಪ್ಪೇ ಬೇಕೆಂದರೆ ಇದ್ದಿಲು. ಅದರ ಪುಡಿ ನೀರಿನ ಮೇಲೆ ತೇಲುವುದರಿಂದ ಮೊದಲು ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಸಬೇಕು. ಬಿಳಿಗೆ ಸೀಮೆಸುಣ್ಣದ ಪುಡಿ: ಒದ್ದೆಯಿದ್ದಾಗ ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಹಾಳೆ ತೂತಾಗುವವರೆಗೆ ಬಳಿಯುತ್ತಾರೆ. ಅರಿಶಿನ ಹಚ್ಚಿದ ದಿನ ಚೆಂದ, ಬಿಸಿಲು ಬೀಳುವ ಗೋಡೆಯಲ್ಲಿ ಬೇಗ ಮಾಸುತ್ತದೆ.

ಹಳದಿ ಮಣ್ಣು ಸಿಕ್ಕಿದರೆ ಬಿಡಬಾರದು. ಕಬ್ಬಿಣದ ತವೆಯಲ್ಲಿ ಜೋರು ಉರಿಯಲ್ಲಿ ಹುರಿದರೆ ಕಣ್ಣೆದುರೇ ಕೆಂಪಾಗುತ್ತದೆ, ಮಣ್ಣಿನ ಕಬ್ಬಿಣದ ಅಂಶದೊಳಗೆ ಸೇರಿಕೊಂಡಿದ್ದ ನೀರು ಹೋಗುವುದರಿಂದ. ವಿಜ್ಞಾನದ ಮೇಷ್ಟ್ರನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪವಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಬರೆಯುತ್ತಾರಲ್ಲ, ಆ ಪಾಠ ಹೇಳುವುದಕ್ಕೂ ಇದೇ ಸರಿಯಾದ ದಿನ.

ಫೆವಿಕಾಲ್ ಹಾಕಬಾರದೇ ಎಂದು ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಗೋಡೆಗಾದರೆ ಹಾಕಬಹುದು. ತರಗತಿಯಲ್ಲಿ ಬೇಡ: ಒಮ್ಮೆ ಒಣಗಿದರೆ ನೀರಿಗೆ ಮತ್ತೆ ಕರಗುವುದಿಲ್ಲ, ತೊಳೆಯದೆ ಬಿಟ್ಟ ಕುಂಚ ಕಡ್ಡಿಯಾಗುತ್ತದೆ. ಜಾಲಿ ಅಂಟಿನ ಬಣ್ಣ ಒಣಗಿದರೂ ಮಾರನೆಯ ವಾರ ನೀರು ಹಾಕಿ ಎಬ್ಬಿಸಬಹುದು.

ಚಹಾ ಆದ ಮೇಲೆ ಚಿತ್ರ ನೋಡುವ ಕೆಲಸ. ಪ್ರತಿಯೊಬ್ಬರೂ ಎಂಟನೇ ತರಗತಿಯ ಐದು ಚಿತ್ರ ತರಬೇಕು. ಆರಿಸಿ ತರುವ ಹಾಗಿಲ್ಲ: ಹಾಜರಿ ಪುಸ್ತಕದ 1, 11, 21, 31, 41ನೇ ನಂಬರಿನವರದ್ದೇ. ಆರಿಸಲು ಬಿಟ್ಟರೆ ಎಲ್ಲರೂ ಜಾಣರದ್ದನ್ನೇ ತರುತ್ತಾರೆ, ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹೆಸರನ್ನು ಹಿಂದಕ್ಕೆ ಮಡಚಿ ಎಂಬತ್ತನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಐದು ನಿಮಿಷ ಮಾತಿಲ್ಲದೆ ಸುತ್ತುವುದು. ಆಮೇಲೆ ‘ಚೆನ್ನಾಗಿದೆ’ ಎನ್ನುವಂತಿಲ್ಲ, ಕಂಡದ್ದನ್ನು ಹೇಳಬೇಕು.

ಹೀಗೆ ಹರವಿದಾಗ ಎರಡು ವಿಷಯ ಬಚ್ಚಿಡಲಾಗುವುದಿಲ್ಲ. ಮೊದಲನೆಯದು ಒಂದೇ ಬಗೆಯ ದೃಶ್ಯ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕಕ್ಕೊಂದು ತೆಂಗಿನಮರ. ಗುಡ್ಡವೇ ಇಲ್ಲದ ಎರೆಸೀಮೆಯ ಊರಿನಿಂದಲೂ ಅದೇ. ತಪ್ಪು ಮಕ್ಕಳದ್ದಲ್ಲ, ಬೋರ್ಡಿನ ಮೇಲೆ ನಾವು ಬರೆದ ‘ನಿಸರ್ಗ ದೃಶ್ಯ’ ಎಂಬ ಎರಡು ಪದದ್ದು. ‘ಬಸ್ ಸ್ಟ್ಯಾಂಡಿನಲ್ಲಿ ಮಳೆ ಬಂತು, ನೀನು ಎಲ್ಲಿ ನಿಂತೆ?’ ಎಂದು ಕೊಟ್ಟ ತಿಂಗಳು ಗುಡ್ಡಗಳು ಮಾಯ. ತಗಡಿನ ಸೂರು, ಒದ್ದೆ ನಾಯಿ, ತಲೆಗೆ ಹೊದ್ದ ಗೊಬ್ಬರದ ಚೀಲ ಬಂದವು. ಎರಡನೆಯದು ಮೇಷ್ಟ್ರ ಗೆರೆ. ಮಗುವಿನ ನಡುಗುವ ಗೆರೆಗಳ ನಡುವೆ ಒಂದೇ ಒಂದು ಪಳಗಿದ ಗೆರೆ ಇದ್ದರೆ ದೂರದಿಂದಲೇ ಕಾಣುತ್ತದೆ. ತಿದ್ದುವುದಿದ್ದರೆ ಬೇರೆ ಹಾಳೆಯಲ್ಲಿ ತೋರಿಸಿ ಎಂದು ಒಪ್ಪಂದ ಮಾಡಿಕೊಂಡಿದ್ದೇವೆ. ಪ್ರತಿಭಾ ಕಾರಂಜಿಯ ಹೊತ್ತಿಗೆ ಈ ಒಪ್ಪಂದ ಸಡಿಲವಾಗುತ್ತದೆ ಎನ್ನುವುದೂ ನಿಜ. ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಯ ಮಾತಿಗೆ ಹತ್ತೇ ನಿಮಿಷ. ಬಿಟ್ಟರೆ ಅದೇ ಇಡೀ ಮಧ್ಯಾಹ್ನ ತಿನ್ನುತ್ತದೆ.

ತಲಾ ನೂರು ರೂಪಾಯಿ ಎತ್ತುತ್ತೇವೆ. ಚಹಾದ ಲೆಕ್ಕ ಹೋಗಿ ಉಳಿದದ್ದು ತಗಡಿನ ಟ್ರಂಕಿಗೆ: ಅಚ್ಚು ತೆಗೆಯುವ ಲಿನೋ ಹಾಳೆ ಕತ್ತರಿಸಲು ಆರು ಉಳಿ, ಅದಕ್ಕೆ ಮಸಿ ಹಚ್ಚುವ ಎರಡು ರೋಲರ್, ಟೈಲ್ಸ್, ಜರಡಿ. ಬೇಕಾದವರು ತಿಂಗಳಿಗೆ ಒಯ್ಯಬಹುದು. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿದೆ, ಒಯ್ಯುವವರೂ ತರುವವರೂ ಎಣಿಸಿ ಸಹಿ ಹಾಕುತ್ತಾರೆ. ಪಟ್ಟಿ ಇಲ್ಲದಿದ್ದಾಗ ಆರು ಉಳಿ ಮೂರಾಗಿದ್ದವು. ರೋಲರನ್ನು ಮಾತ್ರ ಮಲಗಿಸದೆ ನೇತುಹಾಕಿ ಇಡಿ, ಮಲಗಿಸಿದರೆ ರಬ್ಬರ್ ಒಂದು ಬದಿ ಚಪ್ಪಟೆಯಾಗಿ ಅಚ್ಚಿನಲ್ಲಿ ಪಟ್ಟೆ ಬೀಳುತ್ತದೆ.