ಸೀಟಿನ ಸೈಡ್ ಏರ್‌ಬ್ಯಾಗ್ ಬಿಚ್ಚುವ ಮುಂಚೆ ಬ್ಯಾಟರಿ ಕಳಚಿ

ಕಾರಿನ ಸೀಟಿನ ಬಟ್ಟೆ ಬದಲಿಸಬೇಕು ಅಂತ ಸುಮ್ನೆ ಸ್ಪ್ಯಾನರ್ ಹಿಡಿದು ಕೂರಬೇಡಿ. ಬೆನ್ನು ಒರಗಿಸುವ ಭಾಗದಲ್ಲಿ, ಬಾಗಿಲ ಕಡೆಯ ಅಂಚಿಗೆ ಏರ್‌ಬ್ಯಾಗ್ ಅಂತ ಚಿಕ್ಕ ಪಟ್ಟಿ ಇದ್ದರೆ ಒಳಗೆ ಸಿಡಿಯುವ ಮದ್ದು ಇದೆ ಅಂತಲೇ ತಿಳಿಯಿರಿ. ಬಾಗಿಲಿಗೂ ನಮ್ಮ ಪಕ್ಕೆಗೂ ಇರುವುದು ಒಂದು ಗೇಣು ಜಾಗ, ಅದಕ್ಕೇ ಈ ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಹಾಗೆ ಮಾಡಿರುತ್ತಾರೆ. ಕೈಯಲ್ಲಿ ಹಿಡಿದಾಗ ಸಿಡಿದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾ?

ಮೊದಲು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಓದಿ. ಪವರ್ ಸೀಟ್ (ಬಟನ್ ಒತ್ತಿದರೆ ಮೋಟಾರಿನಿಂದ ಸರಿಯುವ ಸೀಟ್) ಇದ್ದರೆ ಬ್ಯಾಟರಿ ಇರುವಾಗಲೇ ಹಿಂದೆ ಮುಂದೆ ಸರಿಸಿ ನಾಲ್ಕೂ ಬೋಲ್ಟ್ ಬಿಚ್ಚಿಕೊಳ್ಳಿ, ಬ್ಯಾಟರಿ ಕಳಚಿದ ಮೇಲೆ ಸೀಟ್ ಸರಿಯಲ್ಲ. ಸೀಟನ್ನು ಮಾತ್ರ ಎತ್ತಬೇಡಿ, ಕೆಳಗಿನ ವೈರ್ ಎಳೆದುಬಿಡುತ್ತೆ. ನಂತರ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಅದು ತಾನಾಗೇ ಬ್ಯಾಟರಿಗೆ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಈಗ ಕಾಯಬೇಕು. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರ್‌ನಲ್ಲಿ (ಕರೆಂಟ್ ಕೂಡಿಡುವ ಬಿಡಿಭಾಗ) ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ಕೆಲವು ಕಾರಿಗೆ 90 ಸೆಕೆಂಡ್, ಕೆಲವಕ್ಕೆ 3 ನಿಮಿಷ ಅಂತ ಮ್ಯಾನ್ಯುಯಲ್ ಹೇಳುತ್ತೆ. ನಾನಂತೂ 10 ನಿಮಿಷ ಕಾಯುತ್ತೇನೆ, ಅವಸರಕ್ಕಿಂತ ಬೆರಳು ದೊಡ್ಡದು ಅಲ್ವಾ.

ಕಾರಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಸೀಟಿನ ಕೆಳಗೆ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಾಣುತ್ತೆ. ಅದರ ಲಾಕ್ ಮೊದಲು ಎಳೆದು, ಆಮೇಲೆ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಮಲ್ಟಿಮೀಟರ್ ಹಾಕಿ ಏರ್‌ಬ್ಯಾಗ್ ಚೆಕ್ ಮಾಡುವ ಯೋಚನೆಯೂ ಬೇಡ, ಮೀಟರಿನ ಸಣ್ಣ ಕರೆಂಟೇ ಅದನ್ನು ಸಿಡಿಸಬಹುದು.

ಸೀಟಿನ ಫ್ರೇಮಿನಿಂದ ಏರ್‌ಬ್ಯಾಗ್ ಯೂನಿಟ್ ಬಿಚ್ಚಿದ ಮೇಲೆ ಚೀಲ ತೆರೆಯುವ ಮುಖ ನಿಮ್ಮ ಮೈಯಿಂದ ಆಚೆ ಇರಲಿ. ಕೆಳಗಿಡುವಾಗ ಆ ಮುಖ ಮೇಲಕ್ಕೆ, ಅದರ ಮೇಲೆ ಏನನ್ನೂ ಇಡಬೇಡಿ. ಕೈಜಾರಿ ಬಿದ್ದ ಯೂನಿಟ್ ಮತ್ತೆ ಹಾಕಬೇಡಿ, ಗುಜರಿಯ ಹಳೇ ಯೂನಿಟ್ಟೂ ಬೇಡ.

ಹೊಸ ಕವರ್ ಹಾಕಿಸುವಾಗ ಏರ್‌ಬ್ಯಾಗ್ ಇರುವ ಕಡೆ ಚೀಲ ಉಬ್ಬಿದಾಗ ಹರಿಯುವ ಹೊಲಿಗೆ ಇದೆಯಾ ಅಂತ ಅಂಗಡಿಯವರನ್ನು ಕೇಳಿಯೇ ಕೇಳಿ. ಗಟ್ಟಿ ಹೊಲಿಗೆಯ ಕವರ್ ಚೀಲವನ್ನು ಒಳಗೇ ಹಿಡಿದುಬಿಡುತ್ತೆ.

ಜೋಡಿಸುವಾಗ ವೈರ್ ಸೀಟಿನ ಹಳಿಗೆ ಸಿಗದ ಹಾಗೆ ಮೊದಲಿದ್ದ ದಾರಿಯಲ್ಲೇ ಬಿಡಿ. ಬೋಲ್ಟ್‌ಗಳನ್ನು ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿ ಮಾಡಿ. ಕನೆಕ್ಟರ್ ಟಿಕ್ ಅಂದು ಲಾಕ್ ಆಗಬೇಕು. ಬ್ಯಾಟರಿ ಕೊನೆಗೆ ಜೋಡಿಸಿ, ಆಗ ಕಾರಿನೊಳಗೆ ಯಾರೂ ಇರಬಾರದು. ಎದುರು ಬದಿಯ ಬಾಗಿಲಿನಿಂದ ಕೈ ಚಾಚಿ ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹೊತ್ತಿ ಆರಬೇಕು. ಆರದಿದ್ದರೆ ಕಾರಿನ ದೋಷ ಓದುವ ಸ್ಕ್ಯಾನರ್ ಇರುವ ಕಡೆ ತೋರಿಸಿ, ಸರಿ ಆಗುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.