ಅಪ್ಪನ ನಾಲ್ಕು ಹೆಸರುಗಳು ಮತ್ತು ನನ್ನ ಕಾಲೇಜು ಶುಲ್ಕ

ನಾನು ಪ್ರಥಮ ಪಿಯುಸಿಯಲ್ಲಿದ್ದ ವರ್ಷ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಖಾತೆಗೆ 3,000 ರೂಪಾಯಿ ಜಮೆಯಾಯಿತು. 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ್ದ ರೈತ ವಿದ್ಯಾನಿಧಿಯ ಹಣ ಅದು. ಪಿಯುಸಿ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000. ನಮಗೂ ಹಾವೇರಿ ಜಿಲ್ಲೆಯಲ್ಲಿ ಎರಡು ಎಕರೆ ಹೊಲವಿದೆ. ಗೋವಿನಜೋಳ ಹಾಕುತ್ತೇವೆ, ಉಳಿದ ದಿನ ಅಪ್ಪ, ಅವ್ವ ಕೂಲಿಗೆ ಹೋಗುತ್ತಾರೆ. ಆದರೂ ನನಗೆ ಹಣ ಬರಲಿಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿದಾಗ ಕಾರಣ ತಿಳಿಯಿತು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದನ್ನು, ಮಾಡಿಸಿರಲಿಲ್ಲ. ಹಾಗಾಗಿ ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಅಪ್ಪನಿಗೆ ರೈತರ ಗುರುತಿನ ಎಫ್‌ಐಡಿ ಸಂಖ್ಯೆ ಇರಲಿಲ್ಲ. ಇಪ್ಪತ್ತೈದು ವರ್ಷ ನೇಗಿಲು ಹಿಡಿದ ಮನುಷ್ಯ ದಾಖಲೆಯ ಮಟ್ಟಿಗೆ ರೈತನಾಗಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹೊಲ ಎಲ್ಲಿಗೂ ಹೋಗುವುದಿಲ್ಲವಲ್ಲ ತಾಯಿ, ಯಾಕೆ ಅವಸರ ಎಂದುಕೊಂಡಿದ್ದೆ" ಎಂದರು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೆಲಸ ಅಂದೇ ಆರಂಭವಾಯಿತು ಎಂದು ಈಗ ಅನ್ನಿಸುತ್ತದೆ. ಯಾವ ಯೋಜನೆಯಲ್ಲಿ ಎಷ್ಟು ಹಣವಿದೆ ಎಂದು ಹುಡುಕುವುದಕ್ಕಿಂತ ಮೊದಲು ಮನೆಯ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತೆ. ಅಪ್ಪನಿಗೆ ನಾಲ್ಕು ಹೆಸರುಗಳಿದ್ದವು. ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅಪ್ಪ', ಪಡಿತರ ಚೀಟಿಯಲ್ಲಿ 'ಅಣ್ಣ', ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಗೌಡ', ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕೊನೆಯ ಭಾಗವೇ ಇಲ್ಲ. ನನ್ನ ಇನಿಶಿಯಲ್ ಒಂದು ಕಡೆ ಹೆಸರಿನ ಮುಂದಿದ್ದರೆ ಇನ್ನೊಂದು ಕಡೆ ಹಿಂದೆ. ಊರಿನಲ್ಲಿ ಇದು ಯಾರಿಗೂ ತೊಡಕಲ್ಲ, ಕರೆದರೆ ಅಪ್ಪ ತಿರುಗಿ ನೋಡುತ್ತಾರೆ. ಗಣಕಯಂತ್ರ ಮಾತ್ರ ನಾಲ್ವರನ್ನು ಕಾಣುತ್ತದೆ.

ಅಂಕಪಟ್ಟಿಯನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಅದನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿದೆವು. ಮೊದಲು ಅಪ್ಪನ ಆಧಾರ್, ಬಳಿಕ ನನ್ನದು, ಆಮೇಲೆ ಪಡಿತರ ಚೀಟಿ, ಕೊನೆಗೆ ಪಾಸ್‌ಬುಕ್. ಇದಕ್ಕೆ ಐದು ತಿಂಗಳು ಹಿಡಿಯಿತು. ಒಂದೊಂದು ಓಡಾಟಕ್ಕೂ ಅಪ್ಪನ ಒಂದು ದಿನದ ಕೂಲಿ ಹೋಗುತ್ತಿತ್ತು.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಹಿಂದುಳಿದ ವರ್ಗಗಳ ಪ್ರವರ್ಗ 2ಎಗೆ ಸೇರಿದವರು. ನಮಗೆ ನಾಡಕಚೇರಿಯಿಂದ ಸಿಗುವುದು ನಮೂನೆ ಎಫ್. ಜಾತಿ, ಆದಾಯ ಎರಡೂ ಒಂದೇ ಹಾಳೆಯಲ್ಲಿರುತ್ತವೆ, ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದ ನನ್ನ ಪತ್ರದ ಅವಧಿ ಸರಿಯಾಗಿ ಕಾಲೇಜು ಸೇರುವ ಹೊತ್ತಿಗೆ ಮುಗಿಯುವುದರಲ್ಲಿತ್ತು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮರುವಾರವೇ, 2023ರ ಏಪ್ರಿಲಿನಲ್ಲಿ, ಹೊಸದಕ್ಕೆ ಅರ್ಜಿ ಕೊಟ್ಟೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದುಕೊಂಡವರು ಜೂನ್ ತಿಂಗಳಲ್ಲಿ ನಾಡಕಚೇರಿಯ ಮುಂದೆ ಸಾಲುಗಟ್ಟಿ ನಿಂತಿದ್ದನ್ನು ನೋಡಿದ್ದೇನೆ. ಪತ್ರದ ಮೇಲೆ ಆರ್‌ಡಿ ಎಂದು ಆರಂಭವಾಗುವ ಒಂದು ಉದ್ದ ಸಂಖ್ಯೆ ಇರುತ್ತದೆ. ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿ ಕೇಳುವುದು ಆ ಸಂಖ್ಯೆಯನ್ನೇ. ಸಂಖ್ಯೆ ಹಾಕಿದ ಕೂಡಲೇ ನಿಮ್ಮ ಹೆಸರು, ಆದಾಯ ತಾವಾಗಿಯೇ ಪರದೆಯ ಮೇಲೆ ಬರುತ್ತವೆ. ಆ ಹೆಸರು ಆಧಾರ್‌ನ ಹೆಸರಿಗೆ ಹೊಂದಿದಾಗ ನನಗಾದ ನೆಮ್ಮದಿ ಸಣ್ಣದಲ್ಲ.

ಸಿಇಟಿ ರ‍್ಯಾಂಕಿಗೆ ಎರಡು ಕಡೆ ಸೀಟು ಸಿಗುವಂತಿತ್ತು. ಒಂದು ಖಾಸಗಿ ಕಾಲೇಜು, ಸರ್ಕಾರಿ ಕೋಟಾದಲ್ಲೂ ವರ್ಷಕ್ಕೆ ಒಂದು ಲಕ್ಷದ ಹತ್ತಿರ. ಇನ್ನೊಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಅದರ ಅರ್ಧಕ್ಕಿಂತ ಕಡಿಮೆ. ಸಂಬಂಧಿಕರೆಲ್ಲ ಖಾಸಗಿ ಕಾಲೇಜಿನ ಹೆಸರನ್ನೇ ಹೇಳಿದರು. ನಾನು ಸರ್ಕಾರಿ ಕಾಲೇಜನ್ನು ಆರಿಸಿಕೊಂಡೆ. ಅತಿ ದೊಡ್ಡ ಆರ್ಥಿಕ ನೆರವು ಕಡಿಮೆ ಶುಲ್ಕದ ಸೀಟೇ ಎಂದು ಇಂದಿಗೂ ನಂಬಿದ್ದೇನೆ. ಅದಕ್ಕೆ ಬೇರೆ ಅರ್ಜಿ ಬೇಕಿಲ್ಲ, ನವೀಕರಣವೂ ಬೇಕಿಲ್ಲ.

ಇನ್ನು ಯೋಜನೆಗಳು. ಒಂದು ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ್ದೆ: ಎಷ್ಟು ಹಣ, ಆದಾಯದ ಮಿತಿ ಎಷ್ಟು, ಕೊನೆಯ ದಿನ ಯಾವುದು, ಮುಂದಿನ ವರ್ಷ ಮುಂದುವರಿಯಲು ಏನು ಬೇಕು. ಐದನೆಯ ಸಾಲನ್ನು ಸೇರಿಸಲು ಹೇಳಿದವರು ನಮ್ಮ ಪಿಯು ಕಾಲೇಜಿನ ಅರ್ಥಶಾಸ್ತ್ರದ ಮೇಡಂ. ಅದು: ಇನ್ನೊಂದರ ಜೊತೆ ಇದನ್ನು ಪಡೆಯಬಹುದೇ? ಈ ಸಾಲು ಇಲ್ಲದಿದ್ದರೆ ನನ್ನ ಲೆಕ್ಕವೆಲ್ಲ ತಪ್ಪಾಗುತ್ತಿತ್ತು. ಉದಾಹರಣೆಗೆ, ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನ ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದವರಿಗೆ ಸಿಗುತ್ತದೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನದ ಎನ್‌ಎಸ್‌ಪಿ ಪೋರ್ಟಲಿನಲ್ಲಿ. ನನ್ನ ಅಂಕಗಳಿಗೆ ಅದು ಸಿಗುತ್ತಿತ್ತು. ಆದರೆ ಅದನ್ನು ಪಡೆದರೆ ರಾಜ್ಯದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿಗಳನ್ನು ಬಿಡಬೇಕು. ಹುಡುಗಿಯರಿಗಾಗಿಯೇ ಇರುವ, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ಇದೆ, ಆದಾಯದ ಮಿತಿ 8 ಲಕ್ಷ. ಅದಕ್ಕೂ ಇದೇ ನಿಯಮ. ಅರ್ಜಿ ಹಾಕಿದೆ, ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿಲ್ಲ. ಪೈಪೋಟಿ ಬಹಳವಿದೆ. ಆದರೂ ತಾಂತ್ರಿಕ ಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬ ಹುಡುಗಿಯೂ ಅರ್ಜಿ ಹಾಕಲೇಬೇಕು. ಒಂದು ಮನೆಯಲ್ಲಿ ಇಬ್ಬರು ಹುಡುಗಿಯರ ತನಕ ಅವಕಾಶವಿದೆ.

ಕೊನೆಗೆ ನಾನು ಹಿಡಿದ ದಾರಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದು. 2ಎಗೆ ಆಗ ಆದಾಯದ ಮಿತಿ 1 ಲಕ್ಷವಿತ್ತು, ನಮ್ಮದು ಅದರೊಳಗಿತ್ತು. ಶುಲ್ಕದ ಒಂದು ಭಾಗ ಅಲ್ಲಿಂದ ಬಂತು. ಅದೇ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ ಮೊದಲ ವರ್ಷ ಸೀಟು ಸಿಗಲಿಲ್ಲ, ಅದರಿಂದ ವಿದ್ಯಾಸಿರಿಗೆ ಅರ್ಹಳಾದೆ. ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಸಿಗುತ್ತಿತ್ತು, ಊಟ ವಸತಿಯ ಖರ್ಚಿಗೆ. ಹಾಸ್ಟೆಲ್ ಸೀಟು ತಪ್ಪಿತೆಂದು ಅತ್ತು ಸುಮ್ಮನಾಗುವ ಹುಡುಗಿಯರಿಗೆ ಈ ಯೋಜನೆಯ ಹೆಸರನ್ನಾದರೂ ಯಾರಾದರೂ ಹೇಳಬೇಕು. ನಮ್ಮ ಕೋಣೆಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಸರಿಹೋದರೂ ಒಂದು ಸಂಗತಿಯನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಶುಲ್ಕವನ್ನು ಕಟ್ಟಬೇಕಾದದ್ದು ಸೀಟು ಹಂಚಿಕೆಯಾದ ವಾರದಲ್ಲೇ, ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ನಂತರ. ನಡುವಿನ ಆ ಕಂದಕವನ್ನು ದಾಟಲು ಬ್ಯಾಂಕಿಗೇ ಹೋಗಬೇಕಾಯಿತು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಓದಿಗೆ ಕೊಡುವ ಅರಿವು ಸಾಲಕ್ಕೆ ಶೇ. 2ರ ಬಡ್ಡಿ, ಅದೇ ಅಗ್ಗ. ಆದರೆ ಅದರ ಅರ್ಜಿ, ಮಂಜೂರಾತಿ ಮುಗಿಯುವ ತನಕ ಕಾಯುವಷ್ಟು ಸಮಯ ನನಗಿರಲಿಲ್ಲ.

ನಮ್ಮ ಭಾಗದ ಒಂದು ಬ್ಯಾಂಕ್ ಶಾಖೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ನಾಲ್ಕು ವರ್ಷಕ್ಕೆ ಎರಡು ಲಕ್ಷದ ನಲವತ್ತು ಸಾವಿರ ಕೇಳಿದೆವು. "ಹೊಲದ ಪತ್ರ ತನ್ನಿ" ಎಂದರು ವ್ಯವಸ್ಥಾಪಕರು. ಅಪ್ಪ ತಲೆ ತಗ್ಗಿಸಿದರು. ಪತ್ರ ಅಜ್ಜನ ಹೆಸರಿನಲ್ಲಿತ್ತಲ್ಲ! ನಾನು ಅಂದು ಸುಮ್ಮನೆ ಬಂದುಬಿಟ್ಟೆ. ರಾತ್ರಿಯಿಡೀ ಓದಿ ತಿಳಿದುಕೊಂಡದ್ದು ಇಷ್ಟು: ಶೈಕ್ಷಣಿಕ ಸಾಲ 4 ಲಕ್ಷದೊಳಗಿದ್ದರೆ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಮಾಡಿದರೆ ಸಾಕು. ಮರುದಿನ ಶೈಕ್ಷಣಿಕ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಅದರ ಪ್ರತಿ, ಸೀಟು ಹಂಚಿಕೆ ಪತ್ರ, ಕಾಲೇಜು ಕೊಟ್ಟ ಶುಲ್ಕದ ವಿವರ ಎಲ್ಲವನ್ನೂ ಜೋಡಿಸಿ ಮತ್ತೆ ಹೋದೆ. "ಸರ್, ಕೊಡಲು ಆಗದಿದ್ದರೆ ದಯವಿಟ್ಟು ಕಾರಣವನ್ನು ಬರೆದುಕೊಡಿ" ಎಂದು ಕೇಳಿದೆ. ದನಿ ನಡುಗುತ್ತಿತ್ತು. ಅವರು ಕಾಗದಗಳನ್ನು ನಿಧಾನವಾಗಿ ತಿರುವಿ ನೋಡಿ, ಕುಳಿತುಕೊಳ್ಳಲು ಹೇಳಿದರು. ಹದಿನಾರನೆಯ ದಿನ ಸಾಲ ಮಂಜೂರಾಯಿತು. ಅಷ್ಟರಲ್ಲಿ ಮೊದಲ ಕಂತನ್ನು ಅವ್ವನ ಸ್ವಸಹಾಯ ಸಂಘದಿಂದ ತಂದು ಕಟ್ಟಿದ್ದೆವು.

ಸಾಲ ಪಡೆಯುವವರು ಬಡ್ಡಿ ಸಹಾಯಧನದ ಬಗ್ಗೆ ಅಂದೇ ಕೇಳಬೇಕು. ಆದಾಯ 4.5 ಲಕ್ಷದೊಳಗಿದ್ದರೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ಆದರೆ ಗುಣಮಟ್ಟವನ್ನು ಪರಿಶೀಲಿಸಿ ಕೊಡುವ ಮಾನ್ಯತೆ ಬೇಕು: ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಕಾಲೇಜನ್ನು ಆರಿಸುವಾಗಲೇ ಇದನ್ನು ವಿಚಾರಿಸಿದ್ದು ನನಗೆ ಉಪಯೋಗಕ್ಕೆ ಬಂತು. ಆದಾಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಂಡಿದ್ದೇನೆ.

ಒಂದು ಖಾಸಗಿ ಟ್ರಸ್ಟಿಗೂ ಅರ್ಜಿ ಹಾಕಿದ್ದೆ. ಅಲ್ಲಿ ನಿಮ್ಮ ಬಗ್ಗೆ ಒಂದು ಪುಟ ಬರೆಯಿರಿ ಎನ್ನುತ್ತಾರೆ. ಮೊದಲ ಸಲ ಬರೆದದ್ದರಲ್ಲಿ ಬರೀ ಕಣ್ಣೀರಿತ್ತು. ಮೇಡಂ ಓದಿ, "ಇದರಲ್ಲಿ ನೀನು ಎಲ್ಲಿದ್ದೀಯ?" ಎಂದು ಕೇಳಿದರು. ಎರಡನೆಯ ಸಲ ಲೆಕ್ಕ ಬರೆದೆ: ಅವ್ವನ ದಿನಗೂಲಿ, ವರ್ಷದಲ್ಲಿ ಕೂಲಿ ಸಿಗುವ ದಿನಗಳು, ಶುಲ್ಕ, ಈಗಾಗಲೇ ಸಿಗಬಹುದಾದ ನೆರವು, ಉಳಿಯುವ ಕೊರತೆ. ಜೊತೆಗೆ ನಮ್ಮೂರಿನ ಪಂಪ್‌ಸೆಟ್‌ಗಳು ವೋಲ್ಟೇಜ್ ಏರಿಳಿತದಿಂದ ಸುಡುವುದನ್ನು ನೋಡಿಯೇ ವಿದ್ಯುತ್ ವಿಭಾಗವನ್ನು ಆರಿಸಿಕೊಂಡೆ ಎಂಬುದನ್ನೂ ಬರೆದೆ. ದೂರವಾಣಿ ಸಂದರ್ಶನದಲ್ಲಿ ಅವರು ಕೇಳಿದ್ದು ಪಂಪ್‌ಸೆಟ್‌ನ ಬಗ್ಗೆ ಮಾತ್ರ. ಎರಡು ವರ್ಷ ನನ್ನ ಪುಸ್ತಕ, ಲ್ಯಾಪ್‌ಟಾಪಿನ ಖರ್ಚು ಅವರದಾಯಿತು.

ಮರುವರ್ಷ ಇನ್ನೊಂದು ತೊಂದರೆ ಎದುರಾಯಿತು. ಎಸ್‌ಎಸ್‌ಪಿಯಲ್ಲಿ ಹಣ ಪಾವತಿಯಾಗಿದೆ ಎಂದು ತೋರಿಸುತ್ತಿತ್ತು, ಖಾತೆಯಲ್ಲಿ ಇರಲಿಲ್ಲ. ಹದಿನೈದು ದಿನ ಊಟ ರುಚಿಸಲಿಲ್ಲ. ಸರ್ಕಾರದ ಹಣ ನೇರವಾಗಿ ಖಾತೆಗೆ ಬಂದದ್ದನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿದರೆ ಬೇರೆಯೇ ಬ್ಯಾಂಕಿನ ಹೆಸರು. ಏಳನೇ ತರಗತಿಯಲ್ಲಿ ಶಾಲೆಯವರು ತೆರೆಸಿದ್ದ, ನಾನು ಮರೆತೇಬಿಟ್ಟಿದ್ದ ಖಾತೆ ಅದು! ಸರ್ಕಾರದ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರ್‌ಗೆ ಯಾವ ಖಾತೆ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ಜೋಡಣೆಯಾಗಿದೆಯೋ ಅದಕ್ಕೇ ಹೋಗುತ್ತದೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗುವುದಿಲ್ಲ, ಬ್ಯಾಂಕಿನಲ್ಲಿ ಬೇರೆಯೇ ಒಪ್ಪಿಗೆ ಪತ್ರ ಕೊಡಬೇಕು. ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದ ಆ ಖಾತೆಯನ್ನು ಕೆವೈಸಿ ಕೊಟ್ಟು ಮತ್ತೆ ಚಾಲೂ ಮಾಡಿಸಿ ಹಣ ತೆಗೆದೆ, ಜೋಡಣೆಯನ್ನು ಬದಲಾಯಿಸಿದೆ. ಮೈಆಧಾರ್ ಜಾಲತಾಣದಲ್ಲಿ ಇದನ್ನು ಎರಡು ನಿಮಿಷದಲ್ಲಿ ನೋಡಿಕೊಳ್ಳಬಹುದು. ಈಗ ಪ್ರತಿ ವರ್ಷ ಅರ್ಜಿಗೆ ಮೊದಲು ಅದನ್ನೇ ನೋಡುತ್ತೇನೆ.

ನವೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಜರಾತಿ ಕಾಯ್ದುಕೊಳ್ಳಿ, ವಿಷಯಗಳನ್ನು ಬಾಕಿ ಉಳಿಸಿಕೊಳ್ಳಬೇಡಿ, ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವವರು ಯಾರೆಂದು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಅರ್ಜಿ ಅವರ ಮೇಜಿನ ಮೇಲೆ ದೃಢೀಕರಣವಾಗದೆ ನಿಂತರೆ ನೀವು ಸಲ್ಲಿಸಿದ್ದಕ್ಕೆ ಅರ್ಥವಿರುವುದಿಲ್ಲ.

ತಂಗಿ ಸರ್ಕಾರಿ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಮುಗಿಸಿ 2025ರಲ್ಲಿ ಬಿ.ಎಸ್‌ಸಿ.ಗೆ ಸೇರಿದಳು. ಅಂಥ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುವ ವಿದ್ಯಾರ್ಥಿವೇತನ ಆ ವರ್ಷವೇ ಕರ್ನಾಟಕಕ್ಕೂ ಬಂತು. ಅರ್ಜಿಗೆ ಕೂತವಳು ಒಂದು ಸಂಜೆಯೊಳಗೆ ಮುಗಿಸಿ ಎದ್ದಳು. ಹುಡುಕಬೇಕಾದ, ತಿದ್ದಿಸಬೇಕಾದ ಕಾಗದ ಒಂದೂ ಇರಲಿಲ್ಲ. ಪೌತಿ ಖಾತೆಯೂ ಹಿಂದಿನ ವರ್ಷವೇ ಆಗಿತ್ತು. ಹೊಸ ಪಹಣಿಯನ್ನು ಅಪ್ಪ ನನ್ನ ಕೈಗೆ ಕೊಟ್ಟು, ಹೆಸರನ್ನು ಓದಿ ಹೇಳು ಎಂದರು. ಓದಿದೆ. ಅಂಕಪಟ್ಟಿಯಲ್ಲಿ ಇರುವಂತೆಯೇ ಇತ್ತು.